ತಗ್ಗಿ ನಡೆಯಬಲ್ಲ ಯಂತ್ರ



ದತ್ತಿ ಉಪನ್ಯಾಸ ಎಂದರೆ ಸಾಹಿತ್ಯವೋ ಇತಿಹಾಸವೋ ಇರಬೇಕು ಎಂದು ನಿರೀಕ್ಷಿಸುವ ಸಭೆಯಲ್ಲಿ ಕಂಪ್ರೆಸರಿನ ಬಗ್ಗೆ ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ನಾನು ಕೃತಜ್ಞ. ಈ ಯಂತ್ರ ಇಂದು ನಮ್ಮ ಬದುಕಿನಲ್ಲಿ ಎಷ್ಟು ಕಡೆ ಕೂತಿದೆ ನೋಡಿ: ಊರಿನ ಹಾಲಿನ ಡೈರಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆಯಲ್ಲಿ, ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ, ಕಲ್ಯಾಣ ಮಂಟಪದ ಛಾವಣಿಯ ಮೇಲೆ. ಅದು ಕೆಟ್ಟ ದಿನ ಮಾತ್ರ ನಾವು ಅದರ ಕಡೆ ತಿರುಗುತ್ತೇವೆ. ಚೆನ್ನಾಗಿ ಓಡುವ ದಿನಗಳಲ್ಲಿ ಅದು ಹೇಗೆ ಓಡುತ್ತಿದೆ ಎನ್ನುವುದೇ ಇಂದಿನ ನನ್ನ ವಿಷಯ. ಇನ್ನೂ ಕಿರಿದು ಮಾಡಿ ಹೇಳುವುದಾದರೆ, ಪೂರ್ತಿ ಬಲ ಬೇಡದ ಹೊತ್ತಿನಲ್ಲಿ ಕಂಪ್ರೆಸರ್ ಏನು ಮಾಡುತ್ತದೆ?

ನಮ್ಮ ಸೀಮೆಯಿಂದಲೇ ಶುರು ಮಾಡೋಣ. ತರೀಕೆರೆಯ ದಕ್ಷಿಣಕ್ಕೆ ಬೆಟ್ಟ ಹತ್ತಿದರೆ ಸುಮಾರು 1,400 ಮೀಟರ್ ಎತ್ತರದಲ್ಲಿ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದ ಜಾಗ. ಪೂರ್ವಕ್ಕೆ ಹೊರಟರೆ ಕಡೂರಿನ ತೆಂಗು, ಅಜ್ಜಂಪುರದ ಈರುಳ್ಳಿ ಹೊಲ, ಬಯಲುಸೀಮೆಯ ಒಣಗಾಳಿ. ಒಂದೇ ದಿನ ಮೇಲೆ ಸ್ವೆಟರ್ ಬೇಕು, ಕೆಳಗೆ ಫ್ಯಾನ್ ಬೇಕು. ತರೀಕೆರೆ ಊರಿನಲ್ಲೇ ನಿಂತರೂ ಏಪ್ರಿಲ್ ಮಧ್ಯಾಹ್ನಕ್ಕೂ ಡಿಸೆಂಬರ್ ಬೆಳಗಿನ ಜಾವಕ್ಕೂ ಇಪ್ಪತ್ತು ಡಿಗ್ರಿಯಷ್ಟು ಅಂತರ. ತಂಪು ಮಾಡುವ ಯಂತ್ರವನ್ನು ಕೊಳ್ಳುವಾಗ ನಾವು ಲೆಕ್ಕ ಹಾಕುವುದು ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲಿಗೆ. ಹಾಗೆ ಲೆಕ್ಕ ಹಾಕುವುದು ಸರಿ, ಇಲ್ಲದಿದ್ದರೆ ಆ ದಿನ ಯಂತ್ರ ಸೋಲುತ್ತದೆ. ಆದರೆ ಅಂಥ ಗಂಟೆಗಳು ವರ್ಷದಲ್ಲಿ ಬೆರಳೆಣಿಕೆಯ ದಿನಗಳವು. ಮಿಕ್ಕ ಹೊತ್ತೆಲ್ಲ ಆ ಯಂತ್ರ ಕೆಲಸಕ್ಕಿಂತ ದೊಡ್ಡದಾಗಿಯೇ ಇರುತ್ತದೆ.

ದೊಡ್ಡದಾದರೇನು, ಸ್ವಲ್ಪ ಓಡಿ ನಿಲ್ಲುತ್ತದಲ್ಲ ಎಂದು ನೀವು ಕೇಳಬಹುದು. ಹಳೆಯ ಬಗೆಯ ಕಂಪ್ರೆಸರ್ ಮಾಡುವುದು ಅದನ್ನೇ. ಅದರ ಮೋಟಾರು ಗ್ರಿಡ್ಡಿನ 50 ಹರ್ಟ್ಜ್ ತಾಳಕ್ಕೆ ಕಟ್ಟುಬಿದ್ದದ್ದು. ನಾಲ್ಕು ಧ್ರುವದ ಮೋಟಾರಾದರೆ ನಿಮಿಷಕ್ಕೆ 1,440ರ ಆಸುಪಾಸು ಸುತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಥರ್ಮೋಸ್ಟಾಟ್ ಹೇಳಿದರೆ ಪೂರ್ತಿ ಬಲದಲ್ಲಿ ಓಡುತ್ತದೆ, ಹೇಳದಿದ್ದರೆ ನಿಲ್ಲುತ್ತದೆ. ನಡುವೆ ಏನೂ ಇಲ್ಲ. ಪ್ರತಿ ಸಲ ಹೊರಡುವಾಗ ಮೋಟಾರು ಮಾಮೂಲಿಗಿಂತ ಐದರಿಂದ ಏಳು ಪಟ್ಟು ಕರೆಂಟು ಎಳೆಯುತ್ತದೆ. ನಿಂತ ಮೇಲೆ ಹೆಚ್ಚು ಒತ್ತಡದ ಬದಿಯ ಗ್ಯಾಸ್ ಕಡಿಮೆ ಒತ್ತಡದ ಬದಿಗೆ ಹರಿದು ಎರಡೂ ಸಮವಾಗುತ್ತವೆ. ಕಷ್ಟಪಟ್ಟು ಕಟ್ಟಿದ ಅಂತರವನ್ನು ಮತ್ತೆ ಮೊದಲಿನಿಂದ ಕಟ್ಟಬೇಕು. ಇಷ್ಟಾದರೂ ಓಡುವಷ್ಟು ಹೊತ್ತು ಅದು ಏಪ್ರಿಲ್ ಮಧ್ಯಾಹ್ನದ ಆರ್ಭಟದಲ್ಲೇ ಓಡುತ್ತದೆ. ನಿಜವಾದ ನಷ್ಟ ಇರುವುದು ಇಲ್ಲಿ. ಏಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಾಲು.

ಅಜ್ಜಂಪುರ ಅಮೃತಮಹಲ್ ತಳಿಯ ಊರು. ಆ ಹಸುಗಳ ಹಿಂಡುಗಳಿಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಅರಮನೆಗೆ ಹೋಗುತ್ತಿದ್ದದ್ದರಲ್ಲಿ ಬೆಣ್ಣೆಯೇ ಮುಖ್ಯ. ಕಾರಣ ಸರಳ: ದೂರದ ಕಾವಲಿನಲ್ಲಿ ಕರೆದ ಹಾಲು ದಾರಿಯಲ್ಲೇ ಒಡೆಯುತ್ತದೆ, ಬೆಣ್ಣೆ ತಾಳುತ್ತದೆ, ತುಪ್ಪ ಇನ್ನೂ ತಾಳುತ್ತದೆ. ಶೀತಲ ಯಂತ್ರ ಬರುವವರೆಗೂ ನಮ್ಮ ಹಳ್ಳಿಗಳಲ್ಲಿ ಹಾಲಿನ ಮಾರುಕಟ್ಟೆಯ ಗಡಿ ಕಾಲ್ನಡಿಗೆಯ ಗಡಿಯೇ ಆಗಿತ್ತು. ರಾಜ್ಯದಲ್ಲಿ 1974ರ ನಂತರ ಸಹಕಾರಿ ಹೈನುಗಾರಿಕೆ ಬೆಳೆದು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯ ರೂಪ ಪಡೆದ ಮೇಲೆ ಈ ಗಡಿ ಒಡೆಯಿತು. ನಮ್ಮ ಚಿಕ್ಕಮಗಳೂರು ಜಿಲ್ಲೆ ಹಾಸನ ಹಾಲು ಒಕ್ಕೂಟಕ್ಕೆ ಸೇರಿದೆ. ಮೊದಲು ಕ್ಯಾನುಗಳಲ್ಲಿ ಶೀತಲ ಕೇಂದ್ರಕ್ಕೆ ಹೋಗುತ್ತಿದ್ದ ಹಾಲನ್ನು ಈಗ ಬಹಳ ಕಡೆ ಹಳ್ಳಿಯಲ್ಲೇ ತಂಪು ಮಾಡುತ್ತಾರೆ. ಡೈರಿಯಲ್ಲಿ ಎಲ್ಲರೂ ಬಿಎಂಸಿ ಎಂದು ಕರೆಯುವ ಸ್ಟೀಲ್ ತೊಟ್ಟಿ ಅದಕ್ಕಾಗಿಯೇ ಇರುವುದು.

ಆ ತೊಟ್ಟಿಯ ಕೆಲಸದ ಲೆಕ್ಕವನ್ನು ಒಮ್ಮೆ ಹಾಕೋಣ, ವಿದ್ಯಾರ್ಥಿಗಳು ಬರೆದುಕೊಂಡರೆ ಒಳ್ಳೆಯದು. ಕರೆದ ಹಾಲು ಡೈರಿಗೆ ಬರುವಾಗ ಸುಮಾರು 35 ಡಿಗ್ರಿ ಬೆಚ್ಚಗಿರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸಬೇಕು, ಅದೂ ಮೂರು ಗಂಟೆಯೊಳಗೆ ಎಂದಿಟ್ಟುಕೊಳ್ಳಿ. ತಡವಾದಷ್ಟೂ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಒಂದು ಕಿಲೋ ಹಾಲನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.9 ಕಿಲೋಜೌಲ್ ಶಾಖ ತೆಗೆಯಬೇಕು. ಸಾವಿರ ಲೀಟರ್ ಎಂದರೆ 1,030 ಕಿಲೋ, ಇಳಿಯಬೇಕಾದ್ದು 31 ಡಿಗ್ರಿ. ಗುಣಿಸಿದರೆ ಸುಮಾರು 1,24,500 ಕಿಲೋಜೌಲ್, ಮೀಟರಿನ ಭಾಷೆಯಲ್ಲಿ 34.6 ಯೂನಿಟ್ ಶಾಖ. ಮೂರು ಗಂಟೆಗೆ ಹಂಚಿದರೆ 11.5 ಕಿಲೋವಾಟ್, ಎಸಿ ಅಂಗಡಿಯವರ ಲೆಕ್ಕದಲ್ಲಿ 3.3 ಟನ್. ಕಂಪ್ರೆಸರ್ ಹಾಲಿನ ಶಾಖವನ್ನು ನಾಶ ಮಾಡುವುದಿಲ್ಲ. ಒಳಗಿಂದ ಹೊರಗೆ ಸಾಗಿಸುತ್ತದೆ ಅಷ್ಟೇ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಸಾಗಿಸಿತು ಎಂದುಕೊಂಡರೆ, ಸಾವಿರ ಲೀಟರಿಗೆ ಹನ್ನೊಂದು ಹನ್ನೆರಡು ಯೂನಿಟ್ ಖರ್ಚು.

ಈಗ ಬೇಸಿಗೆ ಬಂತು, ಹಸಿರು ಮೇವು ಕಡಿಮೆಯಾಯಿತು, ಸಾವಿರ ಲೀಟರ್ ಬರುತ್ತಿದ್ದ ಡೈರಿಗೆ ನಾನೂರು ಬಂತು. ಬೇಕಾದ ಬಲ 11.5 ಕಿಲೋವಾಟಿನಿಂದ 4.6ಕ್ಕೆ ಇಳಿಯಿತು. ಯಂತ್ರ ಮಾತ್ರ ಇಳಿಯದು. ತೊಟ್ಟಿಯ ತಳದಲ್ಲಿರುವ ತಣ್ಣನೆಯ ತಗಡಿನ ಮೇಲೆ ಹಾಲಿನ ಪದರ ತೆಳುವಾಗಿದೆ, ಕಂಪ್ರೆಸರ್ ಪೂರ್ತಿ ಬಲದಲ್ಲಿ ಶಾಖ ಎಳೆಯುತ್ತಿದೆ. ಕಲಕುವ ರೆಕ್ಕೆ ಹಾಲಿಗೆ ಸರಿಯಾಗಿ ಮುಟ್ಟದಿದ್ದರೆ ತಳದ ಹಾಲು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಹಾಲಿನ ಕೊಬ್ಬಿನ ಕಣಗಳು ಒಡೆದು ರುಚಿ ಕೆಡುತ್ತದೆ, ಫ್ಯಾಟ್ ತೆಗೆಯುವಾಗ ಅಳತೆಯೂ ತಪ್ಪುತ್ತದೆ. ಪ್ರತಿ ದಿನ ಬೆಳಗ್ಗೆ ಮೊದಲ ಕ್ಯಾನು ಸುರಿದ ಗಳಿಗೆಯಲ್ಲೂ ಇದೇ ಪರಿಸ್ಥಿತಿ. ಹೀಗಾಗಿ ಹಾಲು ಉತ್ಪಾದಕರ ಸಂಘಗಳ ಅನುಭವಿ ಕಾರ್ಯದರ್ಶಿಗಳು ಇಂತಿಷ್ಟು ಹಾಲು ಬೀಳುವವರೆಗೆ ಸ್ವಿಚ್ ಹಾಕುವುದಿಲ್ಲ. ಅಷ್ಟು ಹೊತ್ತು ಮೊದಲು ಬಂದವರ ಹಾಲು ಬೆಚ್ಚಗೇ ಇರುತ್ತದೆ. ಯಂತ್ರ ತಗ್ಗಲಾರದು ಎನ್ನುವ ಕಾರಣಕ್ಕೆ ಹಾಲು ಕಾಯಬೇಕು. ನನಗೆ ಇದು ಸರಿ ಕಾಣುವುದಿಲ್ಲ.

ದೊಡ್ಡ ತೊಟ್ಟಿಗಳಲ್ಲಿ ಎರಡು ಕಂಪ್ರೆಸರ್ ಇಟ್ಟಿರುತ್ತಾರೆ. ಮೊದಲು ಒಂದು ಹೊರಡುತ್ತದೆ, ಹಾಲು ಏರಿದ ಮೇಲೆ ಎರಡನೆಯದು. ಇದು ಸಾಮರ್ಥ್ಯ ಬದಲಿಸುವ ಅತ್ಯಂತ ಸರಳ ವಿಧಾನ. ಎರಡು ಮೆಟ್ಟಿಲು ಸಿಗುತ್ತವೆ, ಒಂದು ಕೆಟ್ಟರೂ ಹಾಲು ಉಳಿಯುತ್ತದೆ. ನಮ್ಮ ಪಕ್ಕದಲ್ಲೇ ಭದ್ರಾ ಮೇಲ್ದಂಡೆ ಯೋಜನೆಯವರು ತುಂಗೆಯಿಂದ ಭದ್ರೆಗೆ 17.40 ಟಿಎಂಸಿ, ಭದ್ರೆಯಿಂದ ಅಜ್ಜಂಪುರದ ಸುರಂಗದ ಕಡೆಗೆ 29.90 ಟಿಎಂಸಿ ನೀರೆತ್ತಲು ಯೋಜಿಸಿದಾಗಲೂ ಒಂದೇ ದೈತ್ಯ ಪಂಪಿನ ಮೇಲೆ ಭಾರ ಹಾಕಲಿಲ್ಲ, ಪಂಪುಗಳನ್ನು ಸಾಲಾಗಿ ಇಟ್ಟರು. ಹೊಳೆಯಲ್ಲಿ ನೀರು ಇರುವಷ್ಟಕ್ಕೆ ತಕ್ಕಂತೆ ಎಷ್ಟು ಬೇಕೋ ಅಷ್ಟನ್ನು ಓಡಿಸುವುದು. ಅದೇ ತರ್ಕ.

ವಿದ್ಯುತ್ತಿನ ಮಾತು ಬಿಟ್ಟು ಮುಂದೆ ಹೋಗುವಂತಿಲ್ಲ. ನಾನು ನೋಡಿದ ಒಂದು ಹಳ್ಳಿಯಲ್ಲಿ ಡೈರಿಗೂ ಸುತ್ತಲಿನ ಬೋರ್‌ವೆಲ್ಲುಗಳಿಗೂ ಒಂದೇ ಟಿಸಿ, ಎಂದರೆ ಟ್ರಾನ್ಸ್‌ಫಾರ್ಮರ್. ತ್ರೀ ಫೇಸ್ ಬಂತೆಂದರೆ ತೋಟದ ಮೋಟಾರುಗಳೆಲ್ಲ ಒಟ್ಟಿಗೆ ಹೊರಡುತ್ತವೆ, ವೋಲ್ಟೇಜ್ ಕುಸಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ಡೈರಿಯ ಕಂಪ್ರೆಸರ್ ಐದಾರು ಪಟ್ಟು ಕರೆಂಟು ಕೇಳುತ್ತದೆ. ಸಿಗುವುದಿಲ್ಲ. ಮೋಟಾರು ಗುಂಯ್‌ಗುಟ್ಟಿ ನಿಲ್ಲುತ್ತದೆ, ಓವರ್‌ಲೋಡ್ ರಿಲೇ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಪ್ರಯತ್ನ. ವೈಂಡಿಂಗ್ ಸುಡುವುದು ಹೀಗೆಯೇ. ಜನರೇಟರ್ ಕೊಂಡರೆ ಅದನ್ನೂ ಓಡುವ ಲೋಡಿಗಲ್ಲ, ಹೊರಡುವ ಆ ಎರಡು ಸೆಕೆಂಡಿನ ಲೋಡಿಗೆ ಲೆಕ್ಕ ಹಾಕಿ ದೊಡ್ಡದನ್ನೇ ಕೊಳ್ಳಬೇಕು. ದೊಡ್ಡ ಜನರೇಟರು ಉಳಿದ ಹೊತ್ತೆಲ್ಲ ಸಣ್ಣ ಲೋಡಿನಲ್ಲಿ ಡೀಸೆಲ್ ಕುಡಿಯುತ್ತದೆ. ನಿಧಾನವಾಗಿ ವೇಗ ಏರಿಸಿಕೊಳ್ಳುವ ಕಂಪ್ರೆಸರಿಗೆ ಈ ಹೊರಡುವ ಹೊಡೆತವೇ ಇಲ್ಲ. ನಮ್ಮ ಹಳ್ಳಿಗಳ ಮಟ್ಟಿಗೆ ಅದರ ಮೊದಲ ಲಾಭ ಬಿಲ್ಲಿನ ಉಳಿತಾಯವಲ್ಲ, ಇದೇ ಎನ್ನುವುದು ನನ್ನ ಅಭಿಪ್ರಾಯ.

ವೇಗ ಬದಲಿಸುವುದು ಹೊಸ ವಿದ್ಯೆ ಎಂದು ತಿಳಿಯಬೇಡಿ. ಜೇಕಬ್ ಪರ್ಕಿನ್ಸ್ 1834ರಲ್ಲಿ ಆವಿ ಒತ್ತುವ ಶೀತಲ ಯಂತ್ರಕ್ಕೆ ಪೇಟೆಂಟ್ ಪಡೆದ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಜರ್ಮನಿಯ ಬಿಯರ್ ಕಾರ್ಖಾನೆಗಳಿಗಾಗಿ ಅಮೋನಿಯಾ ಯಂತ್ರಗಳನ್ನು ಕಟ್ಟಿದ. ಆ ಕಾಲದ ಕಂಪ್ರೆಸರುಗಳನ್ನು ತಿರುಗಿಸುತ್ತಿದ್ದದ್ದು ಹಬೆ ಯಂತ್ರ. ತಂಪು ಕಡಿಮೆ ಸಾಕೆಂದರೆ ಹಬೆಯ ಕವಾಟವನ್ನು ಸ್ವಲ್ಪ ಮುಚ್ಚಿದರಾಯಿತು, ವೇಗ ಇಳಿಯುತ್ತಿತ್ತು. ವಿದ್ಯುತ್ ಮೋಟಾರು ಬಂದು ಯಂತ್ರವನ್ನು ಚೊಕ್ಕಟ ಮಾಡಿತು, ಅಗ್ಗ ಮಾಡಿತು, ಜೊತೆಗೆ ಅದರ ವೇಗವನ್ನೂ ಬಿಗಿದು ಕಟ್ಟಿತು. ಇಪ್ಪತ್ತನೆಯ ಶತಮಾನದ ಶೀತಲ ಎಂಜಿನಿಯರುಗಳ ಜಾಣತನದಲ್ಲಿ ದೊಡ್ಡ ಪಾಲು ಖರ್ಚಾದದ್ದು ಈ ಕಟ್ಟಿನೊಳಗೇ ದಾರಿ ಹುಡುಕುವುದರಲ್ಲಿ.

ದೊಡ್ಡ ಡೈರಿ ಪ್ಲಾಂಟಿಗೆ ಹೋದರೆ ಆ ದಾರಿಗಳಲ್ಲಿ ಒಂದನ್ನು ಇಂದೂ ನೋಡಬಹುದು. ಅಲ್ಲಿನ ಅಮೋನಿಯಾ ಕಂಪ್ರೆಸರಿಗೆ ನಾಲ್ಕೋ ಆರೋ ಎಂಟೋ ಸಿಲಿಂಡರು. ಲೋಡ್ ಇಳಿದಾಗ ಸಣ್ಣ ಕಡ್ಡಿಗಳು ಎದ್ದು ಕೆಲವು ಸಿಲಿಂಡರುಗಳ ಒಳಗಂಡಿಯ ಕವಾಟವನ್ನು ತೆರೆದೇ ಹಿಡಿಯುತ್ತವೆ. ಪಿಸ್ಟನ್ ಮೇಲೆ ಕೆಳಗೆ ಆಡುತ್ತಿರುತ್ತದೆ, ಗ್ಯಾಸ್ ಒಳಗೆ ಬಂದು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ, ಒತ್ತುವ ಕೆಲಸ ನಡೆಯುವುದಿಲ್ಲ. ಆಪರೇಟರುಗಳು ಇದನ್ನು ಅನ್‌ಲೋಡಿಂಗ್ ಎನ್ನುತ್ತಾರೆ. ಒಳ್ಳೆಯ, ಗಟ್ಟಿ ವಿಧಾನ. ಹೊರಡುವಾಗಲೂ ಸಿಲಿಂಡರುಗಳು ಖಾಲಿ ಆಡುವುದರಿಂದ ಮೋಟಾರಿಗೆ ಹಗುರ. ಸ್ಕ್ರೂ ಕಂಪ್ರೆಸರಿನಲ್ಲಿ ಜಾರುವ ಕವಾಟವೊಂದು ಸರಿದು ಒತ್ತುವ ಉದ್ದವನ್ನೇ ಕಡಿಮೆ ಮಾಡುತ್ತದೆ. ಸಾಮರ್ಥ್ಯವನ್ನು ಹತ್ತು ಶೇಕಡದವರೆಗೆ ಇಳಿಸಬಹುದು, ಆದರೆ ಅರ್ಧಕ್ಕಿಂತ ಕೆಳಗೆ ಹೋದಂತೆ ವಿದ್ಯುತ್ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅರೆಬರೆ ಲೋಡಿನಲ್ಲಿ ವರ್ಷಗಟ್ಟಲೆ ಓಡುವ ಸ್ಕ್ರೂ ಯಂತ್ರ ಹಾಗೆ ನೋಡಿದರೆ ದುಬಾರಿ ಯಂತ್ರ. ಸ್ಕ್ರಾಲ್ ಬಗೆಯಲ್ಲಿ ಇನ್ನೊಂದು ಉಪಾಯವಿದೆ: ಒಂದರೊಳಗೊಂದು ಸುತ್ತಿಕೊಂಡ ಎರಡು ಸುರುಳಿಗಳನ್ನು ಒಂದು ಮಿಲಿಮೀಟರಿನಷ್ಟು ಬೇರೆ ಮಾಡಿದರೆ ಒತ್ತುವುದು ನಿಲ್ಲುತ್ತದೆ, ಕೂಡಿಸಿದರೆ ಶುರುವಾಗುತ್ತದೆ. ಇಪ್ಪತ್ತು ಸೆಕೆಂಡಿನ ಆವರ್ತದಲ್ಲಿ ಎಷ್ಟು ಸೆಕೆಂಡು ಕೂಡಿರಬೇಕು ಎಂದು ನಿಯಂತ್ರಕ ತೀರ್ಮಾನಿಸುತ್ತದೆ. ಹಲವು ಎಂಜಿನ್ ಕಾರುಗಳ ಎಸಿಯಲ್ಲಿ ಓರೆ ತಟ್ಟೆಯ ಕೋನ ಬದಲಿಸಿ ಪಿಸ್ಟನ್ನಿನ ಚಲನೆಯನ್ನೇ ಉದ್ದ ಗಿಡ್ಡ ಮಾಡುತ್ತಾರೆ. ಎಂಜಿನ್ನಿನ ವೇಗ ಚಾಲಕನ ಕೈಯಲ್ಲಿರುವುದರಿಂದ ಅಲ್ಲಿ ಕಂಪ್ರೆಸರಿನ ವೇಗವನ್ನು ಬದಲಿಸುವ ದಾರಿಯಿಲ್ಲ.

ಇವೆಲ್ಲದರ ಪಕ್ಕದಲ್ಲಿ ಒಂದು ಕೆಟ್ಟ ವಿಧಾನವೂ ಇದೆ, ಅದನ್ನು ಕೆಟ್ಟದ್ದೆಂದೇ ಹೇಳಬೇಕು. ಕಂಪ್ರೆಸರ್ ಪೂರ್ತಿ ಓಡುತ್ತಲೇ ಇರಲಿ, ಒತ್ತಿದ ಬಿಸಿ ಗ್ಯಾಸಿನಲ್ಲಿ ಒಂದಿಷ್ಟನ್ನು ತಿರುಗಿ ಒಳಗೇ ಬಿಡೋಣ ಎನ್ನುವುದು. ತಂಪು ಇಳಿಯುತ್ತದೆ, ಬಿಲ್ಲು ಇಳಿಯುವುದಿಲ್ಲ. ಹಳೆಯ ಫ್ಯಾನಿನ ದಪ್ಪ ರೆಗ್ಯುಲೇಟರ್ ನೆನಪಿದ್ದವರಿಗೆ ಇದು ಗೊತ್ತು: ಫ್ಯಾನ್ ನಿಧಾನವಾಗುತ್ತಿತ್ತು, ಉಳಿದ ಕರೆಂಟು ಆ ಡಬ್ಬಿಯಲ್ಲಿ ಕಾವಾಗಿ ಹೋಗುತ್ತಿತ್ತು. ಸಾಮರ್ಥ್ಯ ಬದಲಿಸುತ್ತದೆ ಎಂದ ಮಾತ್ರಕ್ಕೆ ಯಂತ್ರ ಉಳಿತಾಯ ಮಾಡುತ್ತದೆ ಎಂದಲ್ಲ. ಹೇಗೆ ಬದಲಿಸುತ್ತದೆ ಎಂದು ಕೇಳಬೇಕು.

ಕಟ್ಟನ್ನೇ ಬಿಚ್ಚುವ ಕೆಲಸ ಮಾಡಿದ್ದು ವಿದ್ಯುನ್ಮಾನ. 1973ರ ಮತ್ತು 1979ರ ತೈಲ ಬಿಕ್ಕಟ್ಟುಗಳಿಂದ ತತ್ತರಿಸಿದ ಜಪಾನಿನಲ್ಲಿ ತೋಷಿಬಾ ಕಂಪನಿ 1980-81ರಲ್ಲಿ ಮೊದಲ ಇನ್ವರ್ಟರ್ ಹವಾನಿಯಂತ್ರಕಗಳನ್ನು ಹೊರತಂದಿತು. 1982ರಲ್ಲಿ ಡೈಕಿನ್ ಒಂದೇ ಹೊರಘಟಕದಿಂದ ಹಲವು ಕೋಣೆಗಳಿಗೆ ಬೇಕಾದಷ್ಟೇ ದ್ರವ ಹರಿಸುವ ವ್ಯವಸ್ಥೆಯನ್ನು ಕೊಟ್ಟಿತು. ತತ್ತ್ವ ಇಷ್ಟೇ: ಗ್ರಿಡ್ಡಿನ ಎಸಿ ಕರೆಂಟನ್ನು ಮೊದಲು ಡಿಸಿ ಮಾಡು, ಆಮೇಲೆ ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ನಮಗೆ ಬೇಕಾದ ಆವರ್ತದ ಕರೆಂಟನ್ನು ಕಟ್ಟು, ಮೋಟಾರು ಆ ತಾಳಕ್ಕೆ ತಿರುಗುತ್ತದೆ. ನಿಮಿಷಕ್ಕೆ ಸಾವಿರ ಸುತ್ತೂ ಆಯಿತು, ಐದಾರು ಸಾವಿರವೂ ಆಯಿತು.

ವೇಗ ಅರ್ಧವಾದರೆ ತಂಪೂ ಅರ್ಧ, ಕರೆಂಟೂ ಅರ್ಧ, ಲಾಭವೇನು ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಉತ್ತರ ಇರುವುದು ಕಂಪ್ರೆಸರಿನಲ್ಲಲ್ಲ, ಅದರ ಎರಡು ಪಕ್ಕದ ಕಾಯಿಲ್‌ಗಳಲ್ಲಿ. ಒಳಗಿನ ಕಾಯಿಲ್ ಶಾಖ ಹೀರಬೇಕು, ಹೊರಗಿನದು ಚೆಲ್ಲಬೇಕು. ಪೂರ್ತಿ ಬಲದಲ್ಲಿ ಓಡುವಾಗ ಅಷ್ಟೂ ಶಾಖವನ್ನು ದಾಟಿಸಲು ಒಳಗಿನ ಕಾಯಿಲ್ ಹಾಲಿಗಿಂತ ಬಹಳ ತಣ್ಣಗಿರಬೇಕು, ಹೊರಗಿನದು ಗಾಳಿಗಿಂತ ಬಹಳ ಬಿಸಿಯಾಗಿರಬೇಕು. ಅರ್ಧ ಶಾಖ ದಾಟಿಸುವಾಗ ಕಾಯಿಲ್‌ಗಳು ಅವೇ, ಹೊರೆ ಅರ್ಧ. ಆದ್ದರಿಂದ ಅಷ್ಟು ಅಂತರ ಬೇಡ. ಒಳಗೆ 0 ಡಿಗ್ರಿ, ಹೊರಗೆ 45 ಡಿಗ್ರಿ ಇದ್ದಾಗ, ಸಾದಿ ಕಾರ್ನೋ 1824ರಲ್ಲಿ ತೋರಿಸಿದ ದಾರಿಯಲ್ಲಿ ಹೋದರೆ, ಒಂದು ಯೂನಿಟ್ ಕೆಲಸಕ್ಕೆ ಸಾಗಿಸಬಹುದಾದ ಶಾಖದ ಮೇಲ್ಮಿತಿ, ಕೆಲ್ವಿನ್ ಲೆಕ್ಕದಲ್ಲಿ, 273 ಭಾಗಿಸು 45, ಸುಮಾರು 6. ವೇಗ ಇಳಿದು ಒಳಗೆ 3, ಹೊರಗೆ 40 ಆದರೆ 276 ಭಾಗಿಸು 37, ಸುಮಾರು 7.5. ಕಾಲು ಭಾಗದಷ್ಟು ಲಾಭ, ಕಾಯಿಲ್ ಬದಲಿಸದೆ, ಗ್ಯಾಸ್ ಬದಲಿಸದೆ. ನಿಜವಾದ ಯಂತ್ರ ಈ ಮೇಲ್ಮಿತಿಗಿಂತ ಎಷ್ಟೋ ಕೆಳಗೆ ಓಡುತ್ತದೆ, ಆದರೆ ಅದರ ಲಾಭವೂ ಇದೇ ದಿಕ್ಕಿನದು. ಹತ್ತು ನಿಮಿಷ ಪೂರ್ತಿ ಓಡಿ ಹತ್ತು ನಿಮಿಷ ನಿಂತ ಯಂತ್ರಕ್ಕೆ ಈ ಲಾಭ ಸಿಗುವುದಿಲ್ಲ, ಓಡಿದ ಹತ್ತು ನಿಮಿಷವೂ ಅದು ದೊಡ್ಡ ಅಂತರವನ್ನೇ ಹತ್ತಿರುತ್ತದೆ.

ಇದನ್ನು ಅಳೆಯುವ ಕೋಲು ನಮ್ಮ ದೇಶದಲ್ಲಿ ಬದಲಾದದ್ದು ಒಳ್ಳೆಯ ಬೆಳವಣಿಗೆ. ಮೊದಲು ಎಸಿಗಳ ನಕ್ಷತ್ರವನ್ನು ಒಂದೇ ಬಿಸಿಲಿನಲ್ಲಿ, ಪೂರ್ತಿ ಲೋಡಿನಲ್ಲಿ ಪರೀಕ್ಷಿಸಿ ಕೊಡುತ್ತಿದ್ದರು. ಇಂಧನ ದಕ್ಷತೆ ಬ್ಯೂರೋ 2018ರ ಜನವರಿಯಿಂದ ಇನ್ವರ್ಟರ್ ಮತ್ತು ಸ್ಥಿರವೇಗದ ಎಸಿಗಳನ್ನು ಒಂದೇ ಅಳತೆಗೆ ತಂದಿತು. 24ರಿಂದ 43 ಡಿಗ್ರಿವರೆಗಿನ ಹೊರಗಿನ ತಾಪಮಾನ, ವರ್ಷಕ್ಕೆ 1,600 ಗಂಟೆಯ ಬಳಕೆ ಎಂದಿಟ್ಟುಕೊಂಡು ಇಡೀ ಋತುವಿನ ಲೆಕ್ಕ ತೆಗೆಯುತ್ತಾರೆ. ಲೇಬಲ್ಲಿನ ಮೇಲೆ ಐಎಸ್‌ಇಇಆರ್ ಎಂದು ಬರೆದಿರುವುದು ಅದೇ ಸಂಖ್ಯೆ. ಮನೆಗೆ ಎಸಿ ಕೊಳ್ಳುವವರು ನಕ್ಷತ್ರ ಎಣಿಸಿ ಸುಮ್ಮನಾಗದೆ ಆ ಸಂಖ್ಯೆಯನ್ನು ಓದಬೇಕು.

ಇಷ್ಟು ಹೇಳಿ ಇನ್ವರ್ಟರನ್ನು ಹೊಗಳಿ ನಿಲ್ಲಿಸಿದರೆ ನಿಮಗೆ ಅನ್ಯಾಯ ಮಾಡಿದಂತೆ. ತಗ್ಗಿ ನಡೆಯುವುದಕ್ಕೂ ಕಷ್ಟಗಳಿವೆ. ಕಂಪ್ರೆಸರಿನ ತೈಲ ಸ್ವಲ್ಪ ಸ್ವಲ್ಪವಾಗಿ ಗ್ಯಾಸಿನೊಂದಿಗೆ ಹೊರಗೆ ಹೋಗುತ್ತದೆ, ಗ್ಯಾಸಿನ ವೇಗದಿಂದಲೇ ತಿರುಗಿ ಬರಬೇಕು. ವೇಗ ಇಳಿದಾಗ ಎತ್ತರದ ಪೈಪಿನಲ್ಲಿ ತೈಲ ಮೇಲೇರದೆ ಉಳಿಯುತ್ತದೆ, ಕಂಪ್ರೆಸರ್ ಒಣಗುತ್ತದೆ. ಒಳ್ಳೆಯ ಯಂತ್ರಗಳು ಆಗಾಗ ತಾವಾಗಿಯೇ ವೇಗ ಏರಿಸಿ ತೈಲವನ್ನು ಮನೆಗೆ ಕರೆತರುತ್ತವೆ. ಪೈಪು ಕಟ್ಟಿದವರು ಅಳತೆ ತಪ್ಪಿದ್ದರೆ ಅದೂ ಸಾಲದು. ಸಣ್ಣ ಕೊಳವೆಯ ಹಳೆಯ ಕ್ಯಾಪಿಲರಿ ಒಂದೇ ಹರಿವಿಗೆ ಮಾಡಿದ್ದು, ಬದಲಾಗುವ ಕಂಪ್ರೆಸರಿಗೆ ಬದಲಾಗುವ ಎಲೆಕ್ಟ್ರಾನಿಕ್ ಎಕ್ಸ್‌ಪ್ಯಾನ್ಷನ್ ವಾಲ್ವ್ ಬೇಕು. ಮಳೆಗಾಲದ ತೊಂದರೆ ಬೇರೆಯೇ. ಜುಲೈ ತಿಂಗಳ ತರೀಕೆರೆಯಲ್ಲಿ ಸೆಕೆಗಿಂತ ತೇವದ ಕಾಟ. ತಗ್ಗಿದ ವೇಗದಲ್ಲಿ ಕಾಯಿಲ್ ಅಷ್ಟು ತಣ್ಣಗಾಗದೆ ಗಾಳಿಯ ನೀರು ಸರಿಯಾಗಿ ಇಳಿಯುವುದಿಲ್ಲ. ಸ್ಥಿರವೇಗದ ಯಂತ್ರ ಅದಕ್ಕಿಂತ ಮೇಲಲ್ಲ, ಕಂಪ್ರೆಸರ್ ನಿಂತು ಫ್ಯಾನ್ ಓಡುವಾಗ ಕಾಯಿಲ್ ಮೇಲಿನ ನೀರು ಮತ್ತೆ ಆವಿಯಾಗಿ ಕೋಣೆಗೇ ಬರುತ್ತದೆ. ಒಳಗಿನ ಫ್ಯಾನನ್ನೂ ಜೊತೆಗೆ ಇಳಿಸುವುದು ಪರಿಹಾರ, ರಿಮೋಟಿನಲ್ಲಿ ಡ್ರೈ ಎಂದಿರುವ ಗುಂಡಿ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಎಲ್ಲಕ್ಕಿಂತ ದೊಡ್ಡ ಕಷ್ಟ ಗುಡುಗು ಸಿಡಿಲಿನದು. ಏಪ್ರಿಲ್ ಮೇ ತಿಂಗಳ ಸಂಜೆ ಮಳೆಗಳಲ್ಲಿ ನಮ್ಮ ಲೈನುಗಳ ಮೇಲೆ ಬರುವ ಹೊಡೆತಕ್ಕೆ ಇನ್ವರ್ಟರಿನ ಎಲೆಕ್ಟ್ರಾನಿಕ್ ಫಲಕ, ಅಂದರೆ ಪಿಸಿಬಿ, ಮೊದಲ ಬಲಿ. ಹಳೆಯ ಕಂಪ್ರೆಸರಿನ ರಿಲೇ, ಕೆಪಾಸಿಟರ್ ಊರಿನ ಅಂಗಡಿಯಲ್ಲೇ ಸಿಗುತ್ತಿದ್ದವು. ಪಿಸಿಬಿ ಬರಬೇಕಾದ್ದು ದೂರದ ನಗರದಿಂದ, ಹಾಲು ಅಲ್ಲಿಯವರೆಗೆ ಕಾಯುವುದಿಲ್ಲ. ಸರಿಯಾದ ಅರ್ಥಿಂಗ್, ಸರ್ಜ್ ಅರೆಸ್ಟರ್ ಇಲ್ಲದ ಕಡೆ ಇನ್ವರ್ಟರ್ ಯಂತ್ರ ಇಡಬೇಡಿ ಎಂದು ನಾನು ಸಂಘಗಳಿಗೆ ನೇರವಾಗಿ ಹೇಳುತ್ತೇನೆ. ಎರಡು ಸಾಧಾರಣ ಕಂಪ್ರೆಸರುಗಳಿರುವ ತೊಟ್ಟಿ ಅಂಥ ಕಡೆ ಹೆಚ್ಚು ನಂಬಿಕೆಯದು.

ಇನ್ನೊಂದು ದಾರಿಯೂ ಇದೆ. ನನಗೆ ನಮ್ಮ ಹಳ್ಳಿಗಳ ಮಟ್ಟಿಗೆ ಅದರ ಮೇಲೆ ಪ್ರೀತಿ ಹೆಚ್ಚು. ಯಂತ್ರದ ಬಲ ಬದಲಿಸುವ ಬದಲು ತಂಪನ್ನೇ ಕೂಡಿಡುವುದು. ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆಯ ಗೋಡೆಯೊಳಗೆ ಮಂಜುಗಡ್ಡೆಯ ಪದರವಿದೆ. ದಿನಕ್ಕೆ ಎಂಟು ಗಂಟೆ ಕರೆಂಟು ಸಿಕ್ಕರೆ ಅದು 2ರಿಂದ 8 ಡಿಗ್ರಿಯೊಳಗೆ ಲಸಿಕೆಯನ್ನು ಕಾಯುತ್ತದೆ. ಹಾಲಿಗೂ ಹಾಗೆ ಮಾಡಬಹುದು, ಐಸ್ ಬ್ಯಾಂಕ್ ಎನ್ನುವುದು ಅದನ್ನೇ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 335 ಕಿಲೋಜೌಲ್ ಹೀರುತ್ತದೆ. ನಾವು ಆಗ ಹಾಕಿದ ಸಾವಿರ ಲೀಟರಿನ ಲೆಕ್ಕಕ್ಕೆ ಸುಮಾರು 370 ಕಿಲೋ ಮಂಜುಗಡ್ಡೆ ಸಾಕು. ಮೂರು ಗಂಟೆಯಲ್ಲಿ 11.5 ಕಿಲೋವಾಟ್ ಕೇಳುವ ಕೆಲಸವನ್ನು ಹತ್ತು ಗಂಟೆಗೆ ಹರಡಿದರೆ ಮೂರೂವರೆ ಕಿಲೋವಾಟಿನ ಸಣ್ಣ ಕಂಪ್ರೆಸರ್ ಮಾಡಿ ಮುಗಿಸುತ್ತದೆ, ಅದೂ ರಾತ್ರಿಯ ತಂಪಿನಲ್ಲಿ, ವೋಲ್ಟೇಜ್ ಚೆನ್ನಾಗಿರುವಾಗ. ಬೆಳಗ್ಗೆ ಕರೆಂಟು ಹೋದರೂ ತಣ್ಣೀರಿನ ಸಣ್ಣ ಪಂಪೊಂದು ಓಡಿದರೆ ಹಾಲು ತಣಿಯುತ್ತದೆ, ಹೆಪ್ಪುಗಟ್ಟುವ ಭಯವಿಲ್ಲ. ಮಂಜು ಕಟ್ಟಲು ಕಾಯಿಲ್ ಸೊನ್ನೆಗಿಂತ ಸಾಕಷ್ಟು ಕೆಳಗೆ ಇಳಿಯಬೇಕಾದ್ದರಿಂದ ಯೂನಿಟ್ ಸ್ವಲ್ಪ ಹೆಚ್ಚು ಹೋಗುತ್ತದೆ, ಜಾಗವೂ ಹೆಚ್ಚು ಬೇಕು. ಹಾಲು ಒಡೆಯದೆ ಉಳಿಯುವ ಬೆಲೆಯ ಮುಂದೆ ಆ ಯೂನಿಟ್ ನನಗೆ ದೊಡ್ಡದಾಗಿ ಕಾಣುವುದಿಲ್ಲ.

ಕಲ್ಯಾಣ ಮಂಟಪದ ವಿಷಯ ಬೇಗ ಮುಗಿಸುತ್ತೇನೆ. ಕೂತ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. ಮುಹೂರ್ತದ ಹೊತ್ತಿಗೆ ಐನೂರು ಜನ ಸೇರಿದರೆ ಜನರದ್ದೇ 50 ಕಿಲೋವಾಟ್, 14 ಟನ್. ಹಿಂದಿನ ರಾತ್ರಿ ಅಲಂಕಾರದವರು ನಾಲ್ಕು ಜನ ಇರುತ್ತಾರೆ. ಇಷ್ಟು ಏರಿಳಿತ ಇರುವ ಕಡೆ ಸ್ಥಿರವೇಗದ ಒಂದೇ ದೊಡ್ಡ ಘಟಕ ಇಟ್ಟರೆ ಅದು ತಪ್ಪು ಆಯ್ಕೆ. ಹಾಸನದ ಕೋಲ್ಡ್ ಸ್ಟೋರೇಜುಗಳಿಗೆ ಪಂಜಾಬಿನ ಬಿತ್ತನೆ ಆಲೂಗಡ್ಡೆ ಬಂದು ತುಂಬುವಾಗಲೂ ಅಷ್ಟೇ, ಮೊದಲ ವಾರಗಳಲ್ಲಿ ಹೊಲದ ಕಾವು ಇಳಿಸುವ ಭಾರ, ಆಮೇಲೆ ಗೆಡ್ಡೆಯ ಉಸಿರಾಟ ಮತ್ತು ಗೋಡೆಯಿಂದ ಬರುವ ಶಾಖ ಮಾತ್ರ.

ಬಿಸಿ ಮಾಡುವ ಬದಿಯಲ್ಲಿ ಬಲ ಬದಲಿಸುವ ಈ ವಿಷಯ ಇನ್ನೂ ಮಹತ್ವದ್ದು. ನಮ್ಮ ಊರಿನ ಮಕ್ಕಳು ಯುರೋಪಿನಲ್ಲಿ, ಕೆನಡಾದಲ್ಲಿ ನೆಲೆಸಿದ್ದಾರೆ. ಅವರ ಮನೆಗಳಿಗೆ ಈಗ ಗ್ಯಾಸ್ ಬಾಯ್ಲರಿನ ಬದಲು ಹೀಟ್ ಪಂಪ್ ಬರುತ್ತಿದೆ. ಅದು ಎಸಿಯನ್ನು ತಿರುಗಿಸಿ ಇಟ್ಟ ಯಂತ್ರ, ಹೊರಗಿನ ಚಳಿಯಿಂದಲೇ ಶಾಖ ಹೀರಿ ಒಳಗೆ ತರುತ್ತದೆ. ಚಳಿ ಹೆಚ್ಚಿದಷ್ಟೂ ಮನೆಗೆ ಶಾಖ ಹೆಚ್ಚು ಬೇಕು, ಆದರೆ ಚಳಿ ಹೆಚ್ಚಿದಷ್ಟೂ ಗ್ಯಾಸ್ ತೆಳುವಾಗಿ ಯಂತ್ರ ಕೊಡುವ ಶಾಖ ಕಡಿಮೆಯಾಗುತ್ತದೆ. ಬೇಕಾದದ್ದೂ ಸಿಗುವುದೂ ಎದುರು ದಿಕ್ಕಿಗೆ ಹೋಗುತ್ತವೆ. ವೇಗ ಏರಿಸಬಲ್ಲ ಕಂಪ್ರೆಸರ್ ಜನವರಿಯ ರಾತ್ರಿ ಈ ಅಂತರವನ್ನು ಬಹಳಷ್ಟು ತುಂಬುತ್ತದೆ, ಏಪ್ರಿಲ್ಲಿನಲ್ಲಿ ತಗ್ಗಿ ಓಡುತ್ತದೆ. ಹೀಟ್ ಪಂಪ್ ಶೀತದೇಶಗಳಲ್ಲಿ ಜನರ ನಂಬಿಕೆ ಗಳಿಸಿದ್ದರಲ್ಲಿ ಇದರ ಪಾಲು ದೊಡ್ಡದು.

ನಮಗೆ ಮನೆ ಬಿಸಿ ಮಾಡುವ ಅಗತ್ಯವಿಲ್ಲ, ಆದರೆ ಡೈರಿಗೆ ದಿನಾ ಬಿಸಿನೀರು ಬೇಕು, ತೊಟ್ಟಿ, ಕ್ಯಾನು ತೊಳೆಯಲು. ಸಾವಿರ ಲೀಟರ್ ಹಾಲು ತಣಿಸುವಾಗ ಹಾಲಿನ 34.6 ಯೂನಿಟ್ಟಿನ ಜೊತೆ ಕಂಪ್ರೆಸರಿನ ಹನ್ನೊಂದೂವರೆ ಸೇರಿ 46 ಯೂನಿಟ್ ಶಾಖ ಹಿತ್ತಲಿನ ಗಾಳಿಗೆ ಹೋಗುತ್ತದೆ. ಕಂಪ್ರೆಸರಿನಿಂದ ಹೊರಬರುವ ಬಿಸಿ ಗ್ಯಾಸಿನ ದಾರಿಯಲ್ಲಿ ಒಂದು ಶಾಖ ವಿನಿಮಯದ ಪೆಟ್ಟಿಗೆ ಇಟ್ಟು ಅದರಲ್ಲಿ ಐದರಲ್ಲೊಂದು ಭಾಗ ಹಿಡಿದರೂ 250 ಲೀಟರಿಗೂ ಹೆಚ್ಚು ನೀರು 25ರಿಂದ 55 ಡಿಗ್ರಿಗೆ ಏರುತ್ತದೆ. ಸೌದೆಯೂ ಬೇಡ, ಗೀಸರೂ ಬೇಡ. ಹೊರಗಿನ ಕಾಯಿಲ್ ಮೇಲಿನ ಭಾರ ಇಳಿಯುವುದರಿಂದ ತಂಪಿನ ಕೆಲಸಕ್ಕೂ ಸಹಾಯ.

ಸಂಘಗಳ ಆಡಳಿತ ಮಂಡಳಿಯವರು ಇಲ್ಲಿ ಕೂತಿದ್ದೀರಿ, ಆದ್ದರಿಂದ ಕೊನೆಯ ಮಾತು ನಿಮಗೆ. ಹೊಸ ತೊಟ್ಟಿಗೆ ಕೊಟೇಶನ್ ಕರೆಯುವಾಗ ಎಷ್ಟು ಲೀಟರ್, ಎಷ್ಟು ಬೆಲೆ ಎಂದು ಮಾತ್ರ ಕೇಳುತ್ತೇವೆ. ತೊಟ್ಟಿಯಲ್ಲಿ ಕಾಲು ಭಾಗ ಹಾಲಿದ್ದಾಗ ಅದು ಎಷ್ಟು ಹೊತ್ತಿನಲ್ಲಿ 4 ಡಿಗ್ರಿಗೆ ಬರುತ್ತದೆ, ಹೆಪ್ಪುಗಟ್ಟದಿರಲು ಏನು ಏರ್ಪಾಡಿದೆ, ಆ ಹೊತ್ತಿಗೆ ಎಷ್ಟು ಯೂನಿಟ್ ಎಳೆಯುತ್ತದೆ, ಹೊರಡುವಾಗಿನ ಕರೆಂಟು ಎಷ್ಟು ಎಂದು ಬರಹದಲ್ಲಿ ಕೇಳಿ. ಬಿಡಿಭಾಗ ಎಷ್ಟು ದಿನದಲ್ಲಿ ತಲುಪುತ್ತದೆ ಎಂದು ಕೇಳಿ. ಈಗಿರುವ ಯಂತ್ರಕ್ಕೆ ಇಂದೇ ಒಂದು ಸಣ್ಣ ಮೀಟರ್ ಪ್ರತ್ಯೇಕವಾಗಿ ಹಾಕಿಸಿ, ದಿನದ ಹಾಲಿನ ಲೀಟರ್ ಬರೆಯುವ ಪುಸ್ತಕದಲ್ಲೇ ಪಕ್ಕದ ಕಾಲಮಿನಲ್ಲಿ ಯೂನಿಟ್ ಬರೆಯಿರಿ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರೂ ಅದರಲ್ಲಿ ದಾಖಲಾಗಲಿ. ವರ್ಷದ ಆ ಪುಸ್ತಕವನ್ನು ಐಟಿಐನ ರೆಫ್ರಿಜರೇಶನ್ ವಿದ್ಯಾರ್ಥಿಗಳ ಕೈಗೆ ಕೊಡಿ. ಎಲ್ಲಿ ಎರಡು ಕಂಪ್ರೆಸರ್ ಬೇಕು, ಎಲ್ಲಿ ಇನ್ವರ್ಟರ್ ನಡೆಯುತ್ತದೆ, ಎಲ್ಲಿ ಮಂಜುಗಡ್ಡೆ ಮೇಲು ಎಂದು ಅವರು ನಿಮ್ಮ ಊರಿನ ಅಂಕಿಗಳಿಂದಲೇ ಲೆಕ್ಕ ಹಾಕಿ ಕೊಡಬಲ್ಲರು. ಮೀಟರ್ ಹಾಕಿಸುವ ಸಂಘಗಳಿಗೆ ಕಾಲಮ್ ಗೀಚಿದ ಪುಸ್ತಕದ ಮಾದರಿ ತಂದಿದ್ದೇನೆ, ಸಭೆ ಮುಗಿದ ಮೇಲೆ ತೆಗೆದುಕೊಳ್ಳಬಹುದು.